ಐದು ಡಿಗ್ರಿಯ ತಕರಾರು

ಕಳೆದ ಭಾನುವಾರ ನಮ್ಮ ಊಟದ ಮೇಜಿನ ಮೇಲೆ, ಆಟವಾಗಿ, ಇಸ್ರೇಲ್ ಮತ್ತು ಸಿರಿಯಾ ನಡುವಿನ 1973ರ ಗೋಲಾನ್ ಯುದ್ಧ ನಡೆದಿತ್ತು. ಅಕ್ಕನ ಮಗ ಇಸ್ರೇಲಿನ ಸೆಂಚೂರಿಯನ್ ಟ್ಯಾಂಕುಗಳನ್ನು ದಿಬ್ಬದ ನೆತ್ತಿಯ ಹಿಂದೆ ಸಾಲಾಗಿ ನಿಲ್ಲಿಸಿಕೊಂಡು ನನ್ನ ಸಿರಿಯನ್ ಟಿ-55ಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಾಗ, ಕೆಳಗಿನ ಮನೆಯ, ನಮ್ಮ ಸೇನೆಯ ಟ್ಯಾಂಕು ದಳದ ನಿವೃತ್ತ ರಿಸಾಲ್ದಾರರು ಬಂದು ಕುಳಿತರು. ಅವರು ಬಹುಕಾಲ ಟಿ-55ರಲ್ಲೇ ಇದ್ದವರು. ಹುಡುಗ ಮುಲಾಜಿಲ್ಲದೆ ಕೇಳಿದ: "ಅಜ್ಜ, ನಿಮ್ಮ ಟ್ಯಾಂಕಿನ ನಳಿಕೆ ಐದು ಡಿಗ್ರಿಗಿಂತ ಕೆಳಗೆ ಬಾಗುತ್ತಲೇ ಇರಲಿಲ್ಲವಂತೆ. ಮತ್ತೆ ಯುದ್ಧ ಹೇಗೆ ಮಾಡುತ್ತಿದ್ದಿರಿ?" ಅವರು ಮೇಜಿನಿಂದ ಕಣ್ಣೆತ್ತದೆ ಹೇಳಿದರು: "ಪಂಜಾಬಿನಲ್ಲಿ ದಿಬ್ಬ ಎಲ್ಲಿತ್ತೋ ಮಗಾ?"

ಹುಡುಗನ ಪ್ರಶ್ನೆಯಲ್ಲಿ ಉದ್ಧಟತನವಿದ್ದರೂ ಹುರುಳಿತ್ತು. ನಳಿಕೆಯ ಮೂತಿ ಕೆಳಗಿಳಿದರೆ ಟರೆಟ್ಟಿನೊಳಗಿನ, ಅಂದರೆ ಟ್ಯಾಂಕಿನ ಮೇಲೆ ತಿರುಗುವ ಗೋಪುರದೊಳಗಿನ, ಅದರ ಹಿಂಭಾಗ ಏತದ ಮರದಂತೆ ಮೇಲೇಳುತ್ತದೆ, ಮತ್ತು ಛಾವಣಿಗೆ ತಗಲುವಲ್ಲಿಗೆ ಆಟ ಮುಗಿಯುತ್ತದೆ. ಟಿ-55ರ ಸೋವಿಯತ್ ವಿನ್ಯಾಸಕರು ಟ್ಯಾಂಕು ಶತ್ರುವಿಗೆ ಸುಲಭದ ಗುರಿಯಾಗಬಾರದೆಂದು ಛಾವಣಿಯನ್ನು ತಗ್ಗಿಸಿದರು. ಟಿ-55ರ ಎತ್ತರ ಸುಮಾರು 2.4 ಮೀಟರ್, ಸೆಂಚೂರಿಯನ್‌ನದು ಹತ್ತಿರ ಹತ್ತಿರ 3 ಮೀಟರ್. ಆ ಎತ್ತರದ ಋಣದಿಂದಲೇ ಸೆಂಚೂರಿಯನ್ನಿನ ನಳಿಕೆ ಹತ್ತು ಡಿಗ್ರಿ ಬಾಗುತ್ತದೆ. ನೆತ್ತಿಯ ಹಿಂದಿನ ಇಳಿಜಾರು ಹತ್ತು ಡಿಗ್ರಿಯದಾಗಿದ್ದು ಟ್ಯಾಂಕು ಮೂತಿ ಮೇಲೆತ್ತಿ ನಿಂತಿದ್ದರೆ, ಸೆಂಚೂರಿಯನ್ ಕ್ಷಿತಿಜಕ್ಕೆ ಸಮಾನಾಂತರವಾಗಿ ಗುರಿಯಿಡಬಲ್ಲದು. ಟಿ-55ರ ನಳಿಕೆ ಪೂರ್ತಿ ಬಾಗಿದ ಮೇಲೂ ಐದು ಡಿಗ್ರಿ ಆಕಾಶವನ್ನೇ ನೋಡುತ್ತಿರುತ್ತದೆ. ಸಾವಿರ ಮೀಟರ್ ದೂರದಲ್ಲಿ ಅದರ ನೋಟ ಶತ್ರುವಿನ ತಲೆಯ ಮೇಲೆ ಎಂಬತ್ತು ಮೀಟರಿಗೂ ಎತ್ತರದಲ್ಲಿ ಹಾದುಹೋಗುತ್ತದೆ. ಗುಂಡು ಹಾರಿಸಲೇಬೇಕೆಂದರೆ ನೆತ್ತಿ ದಾಟಿ ಮುಂದೆ ಬಂದು ಮೈಯೆಲ್ಲ ತೋರಿಸಬೇಕು.

ಕಂಪ್ಯೂಟರ್ ಆಟಗಳು ಈ ಒಂದು ಅಂಕಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿವೆ. ವರ್ಲ್ಡ್ ಆಫ್ ಟ್ಯಾಂಕ್ಸ್ ಆಡುವವರು ಸೋವಿಯತ್ ಟ್ಯಾಂಕುಗಳನ್ನು ಬೈಯುವುದಕ್ಕೆ ಮೊದಲು ಹುಡುಕುವ ಕಾರಣವೇ ಇದು. ಆದರೆ ಆ ಆಟದಲ್ಲಿ ಭೂಮಿ ಇಕ್ಕಟ್ಟು, ಹೆಜ್ಜೆಗೊಂದು ದಿಬ್ಬ. ಕೆಲವೇ ನೂರು ಮೀಟರುಗಳ ಅಂತರದಲ್ಲಿ ಎಲ್ಲರೂ ಎಲ್ಲರನ್ನೂ ಹೊಡೆಯುತ್ತಾರೆ. ಸಾಲದ್ದಕ್ಕೆ ಆಟಗಾರನ ಕಣ್ಣು ಟ್ಯಾಂಕಿನ ಹಿಂದೆ, ಮೇಲೆ ತೇಲುತ್ತಿರುತ್ತದೆ. ದಿಬ್ಬದ ಆಚೆ ಏನಿದೆಯೆಂದು ತಲೆ ಹೊರಹಾಕದೆಯೇ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಅದು ಐದು ಡಿಗ್ರಿಗಿಂತ ದೊಡ್ಡ ಸುಳ್ಳು.

ಗೋಲಾನಿನಲ್ಲಿ ಸೆಂಚೂರಿಯನ್ನಿನ ಹತ್ತು ಡಿಗ್ರಿ ಫಲಕೊಟ್ಟದ್ದು ನಿಜ. ಆದರೆ ಇಸ್ರೇಲಿ ಕಮಾಂಡರ್ ಅವಿಗ್ಡೋರ್ ಕಹಲಾನಿಯವರ 77ನೇ ಬೆಟಾಲಿಯನ್ ಕಾದಾಡಿದ ಆ ಕಣಿವೆಯಲ್ಲಿ ಟ್ಯಾಂಕುಗಳಿಗೆಂದೇ ಮಣ್ಣಿನ ಏರುಗಳನ್ನು ಮೊದಲೇ ಕಟ್ಟಿಟ್ಟಿದ್ದರು, ದೂರದ ಗುರಿಗೆ ಹೊಡೆಯುವ ಅಭ್ಯಾಸವಿತ್ತು. ಕತ್ತಲಾದ ಮೇಲೆ ಕತ್ತಲಲ್ಲೂ ಕಾಣಿಸುವ ಇನ್‌ಫ್ರಾರೆಡ್ ಸಾಧನಗಳಿದ್ದ ಸಿರಿಯನ್ನರದೇ ಮೇಲುಗೈ. ಕಾಣದ ಗುರಿಗೆ ನಳಿಕೆ ಎಷ್ಟು ಬಾಗಿದರೇನು? ಇನ್ನು ಕೆಳಗಿನಿಂದ ಮೇಲೇರಿ ಬರುವವನಿಗೆ ನಳಿಕೆ ಬಾಗಿಸುವ ಅಗತ್ಯ ಬೀಳುವುದೇ ಕಡಿಮೆ. ಹುಡುಗ ಗೆದ್ದದ್ದು ಡಿಗ್ರಿಯಿಂದ ಎನ್ನುವುದಕ್ಕಿಂತ, ಮೊದಲೇ ಬಂದು ಎತ್ತರದ ಜಾಗ ಹಿಡಿದದ್ದರಿಂದ.

ಹಾಗೆಂದು ರಿಸಾಲ್ದಾರರ ಉತ್ತರವನ್ನು ನಾನು ಪೂರ್ತಿ ಒಪ್ಪಲಾರೆ. ಸೇನೆಯಲ್ಲಿ ಹಳಬರಾದವರಿಗೆ ತಾವು ಏರಿದ ವಾಹನದ ದೋಷ ಕಾಣುವುದಿಲ್ಲ. ಬೈದರೆ ಮನೆಯವರನ್ನೇ ಬೈದಂತೆ ಮುಖ ಮಾಡುತ್ತಾರೆ. ಪಂಜಾಬಿನಲ್ಲಿ ದಿಬ್ಬವಿಲ್ಲದಿರಬಹುದು, ಆದರೆ ಕಾಲುವೆಗಳೂ ರಕ್ಷಣೆಗೆಂದು ಎಬ್ಬಿಸಿದ ಮಣ್ಣಿನ ಏರಿಗಳೂ ಉಂಟಲ್ಲ ಎಂದು ಕೆದಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏರಿ ಹತ್ತುವಾಗ ಮಾತ್ರ ಡ್ರೈವರ್ ಒಳ್ಳೆಯವನಿರಬೇಕು ಸಾರ್" ಎಂದರು. ಆಮೇಲೆ ಅಂಗೈಯನ್ನೇ ಟ್ಯಾಂಕು ಮಾಡಿಕೊಂಡು ಹುಡುಗನಿಗೆ ತೋರಿಸಿದರು: ಮೊದಲು ಕಮಾಂಡರನ ಕಣ್ಣಷ್ಟೇ ಏರಿಯಿಂದ ಮೇಲೆ ಬರುವಂತೆ ನಿಲ್ಲಬೇಕು, ಗುರಿ ಗೊತ್ತಾದ ಮೇಲೆ, ಗನ್ನರ್ 'ಕಂಡಿತು' ಎನ್ನುವವರೆಗೆ ಇಂಚಿಂಚಾಗಿ ಮುಂದೆ ಸರಿಯಬೇಕು, ಹೊಡೆದ ಕೂಡಲೇ ಹಿಂದಕ್ಕೆ ಇಳಿದು, ಮುಂದಿನ ಸಲ ಬೇರೆ ಜಾಗದಲ್ಲಿ ತಲೆ ಎತ್ತಬೇಕು. ನಳಿಕೆ ಕಡಿಮೆ ಬಾಗುವ ಟ್ಯಾಂಕಿನಲ್ಲಿ ಆ 'ಕಂಡಿತು' ತಡವಾಗಿ ಬರುತ್ತದೆ, ಅಷ್ಟರಲ್ಲಿ ಮೈ ಹೆಚ್ಚು ಹೊರಬಿದ್ದಿರುತ್ತದೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅಂಗೈಯನ್ನು ಮೇಜಿನ ಅಂಚಿನಿಂದ ಇನ್ನೆರಡು ಬೆರಳಿನಷ್ಟು ಮುಂದಕ್ಕೆ ಚಾಚಿದರು.