ಅಷ್ಟು ಡಾಕ್ಟರಿಗೆ ತೋರಿಸಿದ್ರೂ ಮೊದಲೇ ಯಾಕೆ ಗೊತ್ತಾಗಲಿಲ್ಲ?

ನಮ್ಮ ಮನೆ ಕಥೆ ಗೊತ್ತಿರುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ನಾಲ್ಕು ವರ್ಷ ಓಡಾಡಿದ್ರಿ, ಎರಡು ಮೂರು ಕಡೆ ತೋರಿಸಿದ್ರಿ. ತಮ್ಮಗ ಬೈಪೋಲಾರ್ ಅದ ಅಂತ ಮೊದಲ ಯಾಕ ಗೊತ್ತಾಗಲಿಲ್ರೀ ಅಕ್ಕಾರ?" ಹೀಗೆ ಕೇಳುವ ಬಹಳ ಜನರ ಮನೆಯಲ್ಲೂ ಯಾರೋ ಒಬ್ಬರು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ತಮ್ಮನನ್ನು ಕೇಳಿಯೇ.

ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಹುರುಪಿಗೆ ಏರಿ, ಕೆಲವು ಕಾಲ ಖಿನ್ನತೆಗೆ ಇಳಿಯುವ ಕಾಯಿಲೆ. ನಾವು ಡಾಕ್ಟರಿಗೆ ಅರ್ಧ ಕಥೆ ಮಾತ್ರ ಹೇಳಿದ್ವಿ. ನನ್ನ ಉತ್ತರ ಅಷ್ಟೇ.

ತಿಕೋಟಾ ಕಡೆ ನಮ್ಮದು ಎರಡೂವರೆ ಎಕರೆ ದ್ರಾಕ್ಷಿ ಪಡ. ಅಪ್ಪ ತೀರಿಕೊಂಡ ಮೇಲೆ ತಮ್ಮನೇ ನೋಡಿಕೊಳ್ಳುತ್ತಿದ್ದ. ಅವನಿಗೆ 24 ವರ್ಷ. ಒಂದು ಅಕ್ಟೋಬರಿನಲ್ಲಿ, ಚಾಟ್ನಿ ಅಂದರೆ ಬಳ್ಳಿ ಕತ್ತರಿಸುವ ಹೊತ್ತಿಗೆ, ಎಲ್ಲಿಲ್ಲದ ಹುರುಪು ಬಂತು. ರಾತ್ರಿ ಎರಡು ತಾಸು ಮಲಗಿದರೆ ಹೆಚ್ಚು. ಮೂರು ಗಂಟೆಗೆ ಬ್ಯಾಟರಿ ಹಿಡಿದು ಪಡದಾಗ ಬಳ್ಳಿ ಎಣಿಸುತ್ತಿದ್ದ. ಒಣದ್ರಾಕ್ಷಿ ವ್ಯಾಪಾರ ಮಾಡ್ತೀನಿ, ದುಬೈಗೆ ಕಳಿಸ್ತೀನಿ ಅಂತ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದ. ಆ ನೋಟ್‌ಬುಕ್ ಈಗಲೂ ನನ್ನ ಹತ್ರ ಇದೆ. ಮೊದಲ ಪುಟಗಳಲ್ಲಿ ಅಕ್ಷರ ಮುತ್ತು ಪೋಣಿಸಿದಂತೆ. ನಡುವೆ ದೊಡ್ಡದಾಗುತ್ತಾ ಹೋಗುತ್ತದೆ. ಕೊನೆಯಲ್ಲಿ ಗೆರೆ ಬಿಟ್ಟು, ಅಂಚು ದಾಟಿ, ಒಂದರ ಮೇಲೊಂದು ಬರೆದಿದ್ದಾನೆ. ಓದಲಿಕ್ಕೆ ಬರುವುದಿಲ್ಲ.

ನಾವೇನು ಅಂದ್ಕೊಂಡ್ವಿ? ಹುಡುಗನಿಗೆ ಜವಾಬ್ದಾರಿ ಬಂತು ಅಂತ. ಅವ್ವ ದೃಷ್ಟಿ ತೆಗೆದಳು.

ಸಂಕ್ರಾಂತಿ ಹೊತ್ತಿಗೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಸ್ನಾನ ಇಲ್ಲ, ಮುಂದಿಟ್ಟ ರೊಟ್ಟಿ ಹಂಗೇ. ಆಗ ನಮಗೆ ಡಾಕ್ಟರ ನೆನಪಾಯಿತು. "ಮಂಕಾಗ್ಯಾನ್ರೀ, ಮಾತಾಡಂಗಿಲ್ಲ" ಅಂದ್ವಿ. ಅವರು ಖಿನ್ನತೆ ಎಂದು ಮಾತ್ರೆ ಬರೆದರು. ನಾವು ಹೇಳಿದ್ದಕ್ಕೆ ಅದೇ ಸರಿ ಅಲ್ವಾ? ಬೈಪೋಲಾರ್ ಇರುವವರ ಖಿನ್ನತೆಯೂ ಬರೀ ಖಿನ್ನತೆಯೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ತೋರಿಸುವುದು ಹಿಂದಿನ ಆ ಹುರುಪಿನ ದಿನಗಳು. ಅದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಬೈಪೋಲಾರ್ ಇರುವ ಕೆಲವರು ಉನ್ಮಾದಕ್ಕೆ, ಅಂದರೆ ಹತೋಟಿ ಮೀರಿದ ಹುರುಪಿಗೆ, ಏರಿಬಿಡುತ್ತಾರೆ. ನಮ್ಮಲ್ಲಿ ಮೂರೇ ವಾರದಲ್ಲಿ ಎದ್ದು ಕೂತ, ನಕ್ಕ, ಊರೆಲ್ಲಾ ಓಡಾಡಿದ. ಔಷಧ ಹತ್ತಿತು ಅಂತ ನಾವು ಪೇಡೆ ಹಂಚಿದ್ವಿ. ಆಮೇಲೆ ಸಾಲ ಮಾಡಿ ಎರಡು ಬೈಕ್ ತಂದ, ಅಡ್ಡ ಬಂದವರ ಜೊತೆ ಜಗಳ. ಸಿದ್ಧೇಶ್ವರ ನನ್ನ ಜೊತೆ ಮಾತಾಡ್ತಾನ ಅಂದ. ಊರಲ್ಲಿ ಕೆಲವರು ಮೈಮೇಲೆ ದೇವರು ಬಂದದ ಅಂದರು, ಕೆಲವರು ಮಾಟ ಅಂದರು. ಇನ್ನೊಂದು ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ಅಂದರು, ಅಂದರೆ ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬುವ ಕಾಯಿಲೆ. ಉನ್ಮಾದ ಜೋರಾದಾಗಲೂ ಧ್ವನಿ ಕೇಳಿಸಬಹುದು, ತಾನೇ ದೊಡ್ಡವನು ಅನ್ನಿಸಬಹುದು. ಎರಡನ್ನೂ ಬೇರೆ ಮಾಡಲು, ಮನಸ್ಸು ತಿಳಿಯಾದ ದಿನಗಳಲ್ಲೂ ಅವು ಉಳಿಯುತ್ತವಾ ಅಂತ ನೋಡಬೇಕು. ಅದಕ್ಕೆ ತಿಂಗಳುಗಟ್ಟಲೆ ಜೊತೆಗಿದ್ದವರ ಮಾತೇ ಬೇಕು.

ಕೊನೆಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸಿಗೆ ಹೋದ್ವಿ. ಅಲ್ಲಿನ ಡಾಕ್ಟರಮ್ಮ ಅವನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು: "ನಿದ್ದೆ ಕಡಿಮೆ ಮಾಡಿದ್ರೂ ದಣಿವೇ ಆಗದ ದಿನಗಳು ಯಾವಾಗಾದ್ರೂ ಇದ್ದವಾ?" ನನ್ನ ಎದೆ ಧಸಕ್ಕೆಂದಿತು. ನಿದ್ದೆ ಬರದೆ ಒದ್ದಾಡುವುದು ಬೇರೆ, ನಿದ್ದೆಯೇ ಬೇಡ ಅನ್ನಿಸುವುದು ಬೇರೆ. ಇದು ಒಂದು ವಾರ ಎಳೆದು ಬದುಕನ್ನೇ ಕೆಡಿಸಿದರೆ ಉನ್ಮಾದ. ನಾಲ್ಕೈದು ದಿನ, ಸ್ವಲ್ಪ ಸೌಮ್ಯವಾಗಿ ಬಂದರೆ ಅದಕ್ಕೆ ಹೈಪೋಮೇನಿಯಾ ಎನ್ನುತ್ತಾರಂತೆ. ಈ ಸೌಮ್ಯವಾದದ್ದೇ ಜಾಸ್ತಿ ಮೋಸ ಮಾಡುವುದು, ಯಾಕೆಂದರೆ ಅದನ್ನು ಕಾಯಿಲೆ ಅಂತ ಯಾರೂ ಎಣಿಸುವುದಿಲ್ಲ.

ಅವನಿಗೆ ಲಿಥಿಯಂ ಶುರುವಾಯಿತು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರ್ ಉನ್ಮಾದಕ್ಕೆ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದ್ದು. ಇವತ್ತಿಗೂ ಇದು ಒಳ್ಳೆಯ ಔಷಧ. ಆದರೆ ಮನೆಯವರ ಕಣ್ಣು ಬೇಕು. ಲಿಥಿಯಂ ಒಂದು ಬಗೆಯ ಉಪ್ಪು. ಬೆವರು ಜಾಸ್ತಿಯಾಗಿ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲು ಕೇಳಬೇಕಾ? ಅವ್ವನಿಗೆ ಬಿಪಿ ಅಂತ ಮನೆಯಲ್ಲಿ ಎಲ್ಲರಿಗೂ ಸಪ್ಪೆ ಸಾರು ಮಾಡುತ್ತಿದ್ವಿ. ಒಂದು ದಿನ ಪಡದಿಂದ ಬಂದವನ ಕೈ ಎಷ್ಟು ನಡುಗಿತೆಂದರೆ ಚಹಾದ ಕಪ್ಪು ಬಸಿಗೆ ಬಡಿದು ಟಕಟಕ ಅಂದಿತು. ವಾಂತಿಯೂ ಆಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಲಿಥಿಯಂ ಏರಿತ್ತು. ಸಮಯಕ್ಕೆ ಹೋದದ್ದಕ್ಕೆ ಉಳಿದ. ಈಗ ಅವನ ಸಾರಿಗೆ ಉಪ್ಪು ಬೇರೆ, ಪಡಕ್ಕೆ ಹೋಗುವಾಗ ದೊಡ್ಡ ನೀರಿನ ಬಾಟಲಿ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್‌ನಂಥ ಗುಳಿಗೆ ಸುಮ್ನೆ ತರುವಂತಿಲ್ಲ, ಅವೂ ಲಿಥಿಯಂ ಏರಿಸುತ್ತವೆ. ಲಿಥಿಯಂ ಮಟ್ಟ, ಕಿಡ್ನಿ, ಥೈರಾಯ್ಡ್ ಪರೀಕ್ಷೆ ಆಗಾಗ ಮಾಡಿಸುತ್ತೇವೆ.

ಆರಾಮಾಗಿದಾನ, ಇನ್ನ ಗುಳಿಗಿ ಯಾಕ ಅಂತ ಬಂಧುಗಳು ಕೇಳುತ್ತಾರೆ. ಗುಳಿಗೆ ನುಂಗುವುದಕ್ಕೇ ಆರಾಮಾಗಿದ್ದಾನೆ. ಮದುವೆ ಮಾಡಿದರೆ ಸರಿಹೋಗ್ತಾನ ಅನ್ನುವವರಿಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ಹುರುಪು ಏರಿದಾಗ ವಾದ ಮಾಡಿ ಗೆಲ್ಲಲಿಕ್ಕೆ ಆಗುವುದಿಲ್ಲ. ಅದಕ್ಕೆ ಅವನು ಚೆನ್ನಾಗಿದ್ದಾಗಲೇ ಕೂತು ಮಾತಾಡಿ ಇಟ್ಟಿದ್ದೇವೆ. ಮೂರು ರಾತ್ರಿ ನಿದ್ದೆ ಕಡಿಮೆಯಾದರೆ ಎಟಿಎಂ ಕಾರ್ಡ್ ನನ್ನ ಹತ್ರ, ಫೋನ್ ಡಾಕ್ಟರಿಗೆ. ಕುಗ್ಗಿದಾಗ "ಧೈರ್ಯ ತಗೋ" ಅನ್ನುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ಸಾಯಬೇಕು ಅನ್ನಿಸ್ತದೇನು ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಹೂಂ ಅಂದರೆ ಒಂಟಿಯಾಗಿ ಬಿಡಬೇಡಿ, ಪಡಕ್ಕೆ ಹೊಡೆಯುವ ಔಷಧ ಕೀಲಿ ಹಾಕಿ ಇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮಧ್ಯರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅವನ ನಿದ್ದೆಯ ತಾಸು ಬರೆಯುತ್ತೇವೆ. ಮೊದಲು ನಾನು ಬರೆಯುತ್ತಿದ್ದೆ, ಈಗ ಅವನೇ. ಹೋದ ಅಕ್ಟೋಬರಿನಲ್ಲಿ ಏಳು, ಆರು, ನಾಲ್ಕು ಅಂತ ಇಳಿಯಿತು. ನಾಲ್ಕರ ಸುತ್ತ ಅವನೇ ಪೆನ್ನಿನಿಂದ ಗೋಲ ಹಾಕಿ ನನ್ನನ್ನು ಕರೆದ. "ಅಕ್ಕಾ, ಡಾಕ್ಟರಿಗೆ ಫೋನ್ ಹಚ್ಚು" ಅಂದ. ಡಾಕ್ಟರು ಮಾತ್ರೆ ಬದಲಿಸಿದರು. ಆ ವಾರದ ಚಾಟ್ನಿ ಆಳುಗಳೇ ಮುಗಿಸಿದರು, ಅವನು ಮನೆಯಲ್ಲಿ ಮಲಗಿದ್ದ.