ಕಪ್ಪು ಜಾಸ್ತೀನಾ, ಬಿಳೀನಾ?

18 ಜುಲೈ 2024, ಗುರುವಾರ, ರಾತ್ರಿ

ಮಳೆ ಬಿಟ್ಟಿಲ್ಲ. ಸುಮಾ ಊಟಕ್ಕೆ ಎರಡು ಸಲ ಕರೆದ್ಲು, ಹೋಗಿ ತಿಂದು ಬಂದೆ, ಏನು ತಿಂದೆ ಗೊತ್ತಿಲ್ಲ. ತಲೇಲಿ ಇನ್ನೂ ಆ ಅರಸೀಕೆರೆ ಕಡೆ ಯಜಮಾನ್ರೇ ಇದಾರೆ.

ಅಟ್ಯಾಕ್ ಆಗಿತ್ತು, ಆಂಜಿಯೋದಲ್ಲಿ ಮೂರೂ ಕಡೆ ಬ್ಲಾಕ್, ಎಕೋದಲ್ಲಿ ಹಾರ್ಟಿನ ಮುಂದಿನ ಗೋಡೆ ಅಲ್ಲಾಡ್ತಾ ಇಲ್ಲ ಅಂತ ಬರೆದಿದಾರೆ. ಅಲ್ಲಾಡದೇ ಇರೋದೆಲ್ಲ ಸತ್ತಿದೆ ಅಂತಲ್ಲ, ರಕ್ತ ಸಾಲದೆ ಸುಮ್ನೆ ಮಲಗಿರೋ ಸ್ನಾಯೂನೂ ಇರತ್ತೆ, ಬೈಪಾಸ್ ಮಾಡಿದ್ರೆ ಅದು ಏಳತ್ತೆ. ಅದನ್ನ ನೋಡೋಕೇ ನಾನು ಸ್ಕ್ಯಾನ್ ಮಾಡೋ ಎಂಆರ್‌ಐಗೆ ಕಳಿಸಿದ್ರು.

ಕಿಡ್ನಿ ಟೆಸ್ಟ್ ಕ್ರಿಯಾಟಿನಿನ್ ಸರಿ ಇತ್ತು, ಗ್ಯಾಡೋಲಿನಿಯಂ ಔಷಧಿ ಕೊಟ್ಟು ಹತ್ತು ನಿಮಿಷ ಕಾಯ್ಬೇಕು. "ಸುಮ್ನೆ ಯಾಕಪ್ಪಾ ಮಲಗಿಸಿದೀರಾ?" ಅಂದ್ರು ಮೈಕಲ್ಲಿ. ಹೇಳ್ದೆ, ಈ ಔಷಧಿ ಜೀವ ಇರೋ ಕಣದ ಒಳಗೆ ಹೋಗಲ್ಲ, ಅದರ ಸುತ್ತ ಇರೋ ಸಂದಿಲಿ ಮಾತ್ರ ಇರತ್ತೆ, ಗಾಯ ಒಣಗಿದ ಕಡೆ ಸಂದಿ ಜಾಸ್ತಿ, ಅಲ್ಲಿಂದ ಬೇಗ ಹೊರಡಲ್ಲ, ಒಳ್ಳೇ ಕಡೆಯಿಂದ ಅದು ಖಾಲಿ ಆಗ್ಲಿ ಅಂತ ಕಾಯ್ತಿದೀವಿ, ಆಮೇಲೆ ಫೋಟೋದಲ್ಲಿ ಒಳ್ಳೇದು ಕಪ್ಪಗೆ, ಗಾಯ ಬೆಳ್ಳಗೆ ಬರತ್ತೆ ಅಂತ. ಸ್ವಲ್ಪ ಹೊತ್ತು ಸುಮ್ನಿದ್ರು. "ನೀರು ಬಸಿಯೋ ನೆಲ, ಜೌಗು ನೆಲ ಇದ್ದಂಗೆ ಅನ್ನಿ" ಅಂದ್ರು. ತೆಂಗಿನ ತೋಟದವರು. ಇಷ್ಟು ಚೆನ್ನಾಗಿ ನಮ್ ಸ್ಟೂಡೆಂಟ್ಸ್‌ಗೂ ಯಾರೂ ಹೇಳ್ಕೊಟ್ಟಿಲ್ಲ.

ಒಳ್ಳೇ ಸ್ನಾಯು ಪೂರ್ತಿ ಕಪ್ಪಾಗೋ ಟೈಮಿಂಗ್ ಹಿಡೀಬೇಕು, ಮಿಲಿಸೆಕೆಂಡ್ ಲೆಕ್ಕ, ಮುನ್ನೂರರ ಆಸುಪಾಸು, ಹೊತ್ತು ಹೋದಂಗೆ ಅದೂ ಮೇಲೆ ಸರೀತಾ ಹೋಗತ್ತೆ. ಅವ್ರಿಗೆ ಉಸಿರು ಹಿಡಿಯೋಕೆ ಆಗ್ತಿರ್ಲಿಲ್ಲ ಪಾಪ, ಆದ್ರೂ ಹಿಡಿದ್ರು, ಪ್ರತಿ ಸ್ಲೈಸಿಗೂ.

ಸ್ಕ್ರೀನಲ್ಲಿ ಮುಂದಿನ ಗೋಡೆಯ ಒಳಮೈಗೆ ಅಂಟಿಕೊಂಡು ಬಿಳಿ ಗೆರೆ, ದಪ್ಪದಲ್ಲಿ ಅರ್ಧಕ್ಕಿಂತ ಕಮ್ಮಿ. ಎದೆ ಹಗುರ ಆಯ್ತು ನಂಗೆ. 2000ದಲ್ಲಿ ಶಿಕಾಗೋದ ರೇಮಂಡ್ ಕಿಮ್ ತಂಡ ತೋರಿಸಿದ್ದು ಇದನ್ನೇ, ಬಿಳಿ ತೆಳ್ಳಗಿದ್ದಷ್ಟೂ ಬೈಪಾಸ್ ಆದ್ಮೇಲೆ ಸ್ನಾಯು ಚೇತರಿಸಿಕೊಳ್ಳೋ ಸಾಧ್ಯತೆ ಜಾಸ್ತಿ, ಗೋಡೆಯ 75% ದಾಟಿದ್ರೆ ಆಸೆ ತೀರಾ ಕಮ್ಮಿ. ಆದ್ರೆ ಕೆಳಗೆ ಹಾರ್ಟಿನ ತುದಿಗೆ ಬಂದಾಗ ಒಳಗಿಂದ ಹೊರಗಿನವರೆಗೂ ಪೂರ್ತಿ ಬಿಳಿ.

ಹೊರಡುವಾಗ ಶರ್ಟ್ ಗುಂಡಿ ಹಾಕ್ಕೊಳ್ತಾ ಕೇಳಿದ್ರು, "ಕಪ್ಪು ಜಾಸ್ತೀನಾ, ಬಿಳೀನಾ?" ಡಾಕ್ಟರ್ ನೋಡಿ ರಿಪೋರ್ಟ್ ಕೊಡ್ತಾರೆ ಯಜಮಾನ್ರೇ ಅಂದೆ. ಅಷ್ಟೇ ಹೇಳ್ಬೇಕು ನಾವು, ಅದು ಸರೀನೇ, ತುದಿ ನೋಡಿದ್ಮೇಲಂತೂ ಇನ್ನೂ ಸರಿ. ಆದ್ರೆ ಕಪ್ಪು ಜಾಸ್ತಿ ಇತ್ತು. ಅಷ್ಟೊಂದನ್ನ ಹೇಳಿದ್ರೆ ಬಸ್ಸಲ್ಲಿ ನೆಮ್ಮದಿಯಾಗಿ ಹೋಗ್ತಿದ್ರೇನೋ.

ನಾಳೆ ಬೆಳಿಗ್ಗೆ ಮೊದಲ್ನೇದೇ ಆ ಹುಡುಗಂದು, ಹಾರ್ಟ್ ದೊಡ್ಡದಾಗಿರೋದು. ಅವನ ಹಾರ್ಟಲ್ಲಿ ಗಾಯದಂಥ ನಾರು ಎಲ್ಲಾ ಕಡೆ ಸಮವಾಗಿ ಹರಡಿದ್ರೆ ಈ ಕಪ್ಪು ಬಿಳಿ ಫೋಟೋದಲ್ಲಿ ಕಾಣೋದೇ ಇಲ್ಲ, ಹೋಲಿಸೋಕೆ ಒಳ್ಳೇ ಜಾಗಾನೇ ಉಳಿದಿರಲ್ವಲ್ಲ, ಸ್ನಾಯುವಿನ ಒಂದೊಂದು ಜಾಗಕ್ಕೂ ಅಳತೆ ಕೊಡೋ ಟಿ1 ಮ್ಯಾಪಿಂಗೇ ಮಾಡ್ಬೇಕು. ರಕ್ತದಲ್ಲಿ ಕೆಂಪು ಕಣ ಎಷ್ಟು ಪಾಲು ಅಂತ ಹೇಳೋ ಹೆಮಟೋಕ್ರಿಟ್ ಇಲ್ದೆ ಇಸಿವಿ, ಅಂದ್ರೆ ಸ್ನಾಯುವಿನಲ್ಲಿ ಕಣಗಳ ಹೊರಗಿನ ಸಂದಿ ಎಷ್ಟು ಪಾಲು ಅನ್ನೋದು, ಲೆಕ್ಕ ಹಾಕೋಕಾಗಲ್ಲ, ರಕ್ತ ಬೆಳಿಗ್ಗೇನೇ ತೆಗೀರಿ ಅಂತ ವಾರ್ಡಿಗೆ ಹೇಳಿದೀನಿ, ಅವ್ರು ಇನ್ನೊಂದು ಸಲ ಫೋನ್ ಮಾಡಿ ಅಂದಿದ್ರು, ಈಗ್ಲೇ