ಎದೆಮೂಳೆಯ ಬಲಗಡೆ

ಕಳೆದ ತಿಂಗಳು ಬೆಂಗಳೂರಿನಿಂದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ನನ್ನಂತೆಯೇ ಎಕೋ ಟೆಕ್ನಿಷಿಯನ್, ಅಂದರೆ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವವಳು. "ಅಕ್ಕಾ, ಉಪನ್ಯಾಸಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ವಿಮಾನ, ಹೋಟೆಲು, ನೋಂದಣಿ ಎಂದು ಅಷ್ಟು ದುಡ್ಡು ಸುರಿದು ಆ ಸಮ್ಮೇಳನಕ್ಕೆ ಯಾಕೆ ಹೋಗುತ್ತೀರಿ?" ಎಂದು ಕೇಳಿದಳು. ಫೋನಿನಲ್ಲಿ ನನ್ನ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅವಳಿಗೂ, ಅವಳಂತೆ ಕತ್ತಲೆ ಕೋಣೆಯಲ್ಲಿ ಕುಳಿತು ದಿನವಿಡೀ ಹೃದಯಗಳನ್ನು ನೋಡುವ ನಮ್ಮೂರಿನ ಉಳಿದವರಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಹೋಗುವುದು ಅಮೆರಿಕನ್ ಸೊಸೈಟಿ ಆಫ್ ಎಕೋಕಾರ್ಡಿಯೋಗ್ರಫಿಯ ವಾರ್ಷಿಕ ಸಮ್ಮೇಳನಕ್ಕೆ. ಇಂಡಿಯಾನಾಪೊಲಿಸ್‌ನ ಡಾ. ಹಾರ್ವಿ ಫೈಗನ್‌ಬಾಮ್ 1975ರಲ್ಲಿ ಕಟ್ಟಿದ ಸಂಸ್ಥೆ ಅದು. ಮೊದಲ ಸಲ ಹೋದದ್ದು 2019ರ ಜೂನ್‌ನಲ್ಲಿ, ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ. ಹೋದ ಕಾರಣ ದೊಡ್ಡದೇನಲ್ಲ. ನಾನೀಗ ಕೆಲಸ ಮಾಡುವ ಅಮೆರಿಕದಲ್ಲಿ ನಮ್ಮ ಅರ್ಹತಾಪತ್ರ ಉಳಿಯಬೇಕಾದರೆ 3 ವರ್ಷಕ್ಕೆ 30 ಗಂಟೆಗಳ ಕಲಿಕೆಯ ಲೆಕ್ಕ ತೋರಿಸಬೇಕು, ನನಗೆ ಅದು ಕಡಿಮೆ ಬಿದ್ದಿತ್ತು. ಸಭಾಭವನದ ಗಾಜಿನ ಗೋಪುರವೊಂದರ ಕೆಳಗೆ ಭಾರೀ ಲೋಲಕವೊಂದು ತೂಗಾಡುತ್ತಿರುತ್ತದೆ. ಯಾರ ಪರಿಚಯವೂ ಇಲ್ಲದೆ ಮೊದಲ ಬೆಳಗ್ಗೆ ಅದನ್ನೇ ನೋಡುತ್ತಾ ನಿಂತಿದ್ದೆ.

ಆ ಮಧ್ಯಾಹ್ನ ಮಹಾಪಧಮನಿಯ ಕವಾಟ ಕಿರಿದಾಗುವ ಕಾಯಿಲೆಯ ಕುರಿತು ಒಂದು ಪ್ರಾತ್ಯಕ್ಷಿಕೆ ಇತ್ತು. ಕಿರಿದಾದ ಬಾಗಿಲಿನಿಂದ ರಕ್ತ ಎಷ್ಟು ವೇಗವಾಗಿ ಚಿಮ್ಮುತ್ತದೆ ಎಂಬುದನ್ನು ಡಾಪ್ಲರ್‌ನಿಂದ, ಅಂದರೆ ರಕ್ತಕ್ಕೆ ತಾಗಿ ಮರಳುವ ಶಬ್ದದ ಅಲೆಯಿಂದ, ಅಳೆಯುತ್ತೇವೆ. ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ಕಾಯಿಲೆ ತೀವ್ರ. ಆದರೆ ಡಾಪ್ಲರ್ ಕಿರಣ ರಕ್ತದ ಧಾರೆಗೆ ಸಮಾನಾಂತರವಾಗಿರಬೇಕು. 30 ಡಿಗ್ರಿ ಓರೆಯಾದರೆ ನಿಜವಾದ 4 ಮೀಟರ್ ನಮ್ಮ ಪರದೆಯಲ್ಲಿ ಸುಮಾರು 3.5 ಎಂದು ಕಾಣುತ್ತದೆ. ಒತ್ತಡದ ಲೆಕ್ಕದಲ್ಲಿ ಈ ವೇಗದ ವರ್ಗ ತೆಗೆದುಕೊಳ್ಳುವುದರಿಂದ ತಪ್ಪು ಇನ್ನೂ ಹಿಗ್ಗುತ್ತದೆ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ಅಲ್ಲಿ ಕಲಿಸುತ್ತಿದ್ದ ಹಿರಿಯ ಸೋನೋಗ್ರಾಫರ್ (ನಮ್ಮಂಥ ಟೆಕ್ನಿಷಿಯನ್‌ಗೆ ಅಲ್ಲಿಯ ಹೆಸರು) ಮಂಚದ ಮೇಲಿದ್ದವರನ್ನು ಬಲ ಮಗ್ಗುಲಿಗೆ ತಿರುಗಿಸಿ, ಚಿತ್ರವನ್ನೇ ತೋರಿಸದ ಪೆನ್ಸಿಲಿನಂಥ ಸಣ್ಣ ಪ್ರೋಬನ್ನು ಎದೆಮೂಳೆಯ ಬಲಗಡೆ ಪಕ್ಕೆಲುಬುಗಳ ಸಂದಿನಲ್ಲಿಟ್ಟರು. ಬರಿಯ ಸದ್ದು ಕೇಳುತ್ತಾ ಅದನ್ನು ಕೂದಲೆಳೆಯಷ್ಟು ಬಾಗಿಸುತ್ತಾ ಹೋದರು. ಒಂದು ಕ್ಷಣದಲ್ಲಿ ಸದ್ದು ಸಿಳ್ಳೆಯಂತೆ ಶುದ್ಧವಾಯಿತು. ನನ್ನ ಸರದಿ ಬಂದಾಗ ಅವರು ನನ್ನ ಮಣಿಕಟ್ಟನ್ನು ಹಿಡಿದು ಸ್ವಲ್ಪ ಕೆಳಗಿಳಿಸಿದರು. ನನ್ನ ಕಿವಿಗೂ ಅದೇ ಸದ್ದು ಸಿಕ್ಕಿತು.

ನಮ್ಮ ಆಸ್ಪತ್ರೆಯಲ್ಲಿ ಆ ಪ್ರೋಬ್ ಕಪಾಟಿನೊಳಗೇ ಇತ್ತು. ನಾನು ಅದನ್ನು ಮುಟ್ಟುತ್ತಿರಲಿಲ್ಲ. ಕೆಲಸಕ್ಕೆ ಮರಳಿದ ಎರಡನೆಯ ವಾರ, ನಿವೃತ್ತ ಬಸ್ ಚಾಲಕರೊಬ್ಬರು ಬಂದರು. ಎಂಟು ತಿಂಗಳ ಹಿಂದೆ ಅವರಿಗೆ ನಾನೇ ಎಕೋ ಮಾಡಿ ವೇಗ 3.4 ಮೀಟರ್ ಎಂದು ದಾಖಲಿಸಿದ್ದೆ. ಈಗ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ ಎಂದರು. ಎಡಗಡೆಯಿಂದ ನೋಡಿದರೆ ಮತ್ತೆ ಸುಮಾರು ಅಷ್ಟೇ. ಬಲಗಡೆಯಿಂದ 4.3. ಎಂಟು ತಿಂಗಳಲ್ಲಿ ಕಾಯಿಲೆ ಬೆಳೆದಿತ್ತೋ, ಮೊದಲ ದಿನವೇ ಅಲ್ಲಿತ್ತೋ, ಹೇಳಲು ಬರುವುದಿಲ್ಲ. ಅವರಿಗೆ ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಿದರು, ಚೆನ್ನಾಗಿದ್ದಾರೆ. ಆದರೂ ಹಳೆಯ ವರದಿಯ ಕೆಳಗಿದ್ದ ನನ್ನ ಹೆಸರಿನ ಮೊದಲಕ್ಷರಗಳು ಬಹಳ ದಿನ ನನ್ನನ್ನು ಮಲಗಗೊಡಲಿಲ್ಲ.

2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಸಮ್ಮೇಳನ ಪೂರ್ತಿ ಆನ್‌ಲೈನ್ ಆಯಿತು. ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆ. ಉಪನ್ಯಾಸಗಳು ಒಳ್ಳೆಯವೇ, ಟಿಪ್ಪಣಿಯನ್ನೂ ಮಾಡಿಕೊಂಡೆ. ಆದರೆ ಅಲ್ಲಿ ಕಂಡದ್ದು ತೆಗೆದಾದ ಮೇಲಿನ ಚಿತ್ರ. ತೆಗೆಯುವ ಕೈ ಕಾಣಲಿಲ್ಲ. ನನ್ನ ಮಣಿಕಟ್ಟನ್ನು ಯಾರೂ ಹಿಡಿಯಲಿಲ್ಲ. ನಮ್ಮ ಕೆಲಸದ ಕಷ್ಟವೇ ಇದು: ತಪ್ಪಿಸಿಕೊಂಡ ಚಿತ್ರ ಯಾರಿಗೂ ಕಾಣುವುದಿಲ್ಲ. ವೈದ್ಯರು ನಾವು ಕೊಟ್ಟದ್ದನ್ನು ನೋಡಿ ವರದಿ ಬರೆಯುತ್ತಾರೆ, ಕೊಡದೇ ಇದ್ದದ್ದನ್ನು ಹೇಗೆ ನೋಡಬಲ್ಲರು?

2024ರಲ್ಲಿ ಸಮ್ಮೇಳನ ಮತ್ತೆ ಪೋರ್ಟ್‌ಲ್ಯಾಂಡ್‌ಗೆ ಬಂತು. ಆ ಸಲ ನನಗೂ ಕೊಡಲು ಏನೋ ಇತ್ತು. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದ ಚಿಕ್ಕ ವಯಸ್ಸಿನ ಸೋನೋಗ್ರಾಫರ್, ತಾನು ರುಮ್ಯಾಟಿಕ್ ಜ್ವರದಿಂದ ಹಾಳಾದ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಪುಸ್ತಕದಲ್ಲಿ ಬಿಟ್ಟರೆ ಒಂದೇ ಒಂದು ಸಲ ನೋಡಿದ್ದಾಗಿ ಹೇಳಿದಳು. ನಾನು ತರಬೇತಿ ಪಡೆದದ್ದು ಬೆಂಗಳೂರಿನ ಜಯದೇವದಲ್ಲಿ. ಅಲ್ಲಿ ಅದು ದಿನನಿತ್ಯದ ಕವಾಟ. ಬಾಲ್ಯದಲ್ಲಿ ಗಂಟಲು ನೋವಿಗೆ ಪೆನಿಸಿಲಿನ್ ಸಿಗದ, ಬಸುರಿಯಾದಾಗ ಉಸಿರು ಕಟ್ಟಿ ಆಸ್ಪತ್ರೆಗೆ ಬಂದ ಹೆಣ್ಣುಮಕ್ಕಳ ಕವಾಟ. ಅವಳ ಟ್ಯಾಬಿನಲ್ಲಿದ್ದ ಆ ಒಂದು ಚಿತ್ರವನ್ನು ನೋಡುತ್ತಾ ಊಟ ಆರಿಹೋಯಿತು. ಮೀನಿನ ಬಾಯಿಯಂಥ ಆ ತೆರಪನ್ನು ಅಳೆಯುವಾಗ ಪ್ರೋಬನ್ನು ನಿಧಾನವಾಗಿ ಕವಾಟದ ತುದಿಯವರೆಗೂ ಸರಿಸಬೇಕು, ತುದಿಗಿಂತ ಮೇಲೆಯೇ ನಿಂತರೆ ಬಾಗಿಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂದು ತೋರಿಸಿದೆ. ಅವಳು ತನ್ನ ಆಸ್ಪತ್ರೆಯಲ್ಲಿ ಮೇಲಿಂದ ಮೇಲೆ ಕಾಣುವ, ಅಮಿಲಾಯ್ಡ್ ಎಂಬ ಪ್ರೋಟೀನ್ ಗೋಡೆಯಲ್ಲಿ ಸೇರಿಕೊಂಡ ಹೃದಯಗಳನ್ನು ತೋರಿಸಿದಳು. ಗೋಡೆ ದಪ್ಪವಾಗಿ, ಉಳಿದೆಡೆ ಸಂಕೋಚನ ಕುಗ್ಗಿ, ತುದಿಯೊಂದೇ ಚೆನ್ನಾಗಿ ಹಿಂಡುವ ಹೃದಯ. ಊರಿನಲ್ಲಿ ಇಂಥವನ್ನು ಬರಿಯ ಬಿಪಿಯಿಂದ ದಪ್ಪವಾದದ್ದು ಎಂದು ನಾನು ಎಷ್ಟು ಸಲ ದಾಟಿಸಿಬಿಟ್ಟಿದ್ದೇನೋ ಎಂದು ಅಂದು ರಾತ್ರಿ ಯೋಚಿಸಿದೆ.

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಹೃದಯವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಜ್, ಲೋಹದೊಳಗಿನ ದೋಷ ಹುಡುಕುವ ಯಂತ್ರವನ್ನು ಎದೆಗೆ ಹಿಡಿದದ್ದರಿಂದ ನಮ್ಮ ಈ ಕೆಲಸ ಹುಟ್ಟಿತು. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ, ಇಬ್ಬರೂ ಒಂದೇ ಯಂತ್ರದ ಮುಂದೆ ನಿಂತರು. ಅದಕ್ಕೇ ಆ ಊಟದ ಸಾಲು ನನಗೆ ಮುಖ್ಯ.

ಭುಜದ ಮಾತನ್ನೂ ಹೇಳಲೇಬೇಕು. ವರ್ಷಗಟ್ಟಲೆ ತೋಳು ಚಾಚಿ ಪ್ರೋಬ್ ಒತ್ತುವ ನಮ್ಮಲ್ಲಿ ಬಹಳ ಮಂದಿ ನೋವು ನುಂಗಿಕೊಂಡೇ ದುಡಿಯುತ್ತೇವೆ. ಮಂಚ ಎಷ್ಟು ಎತ್ತರವಿರಬೇಕು, ಮೊಣಕೈಗೆ ಎಲ್ಲಿ ಆಸರೆ ಕೊಡಬೇಕು ಎಂಬುದನ್ನು ನನ್ನನ್ನು ಕೂರಿಸಿ ತಿದ್ದಿದವರೂ ಅಲ್ಲಿಯವರೇ.

ಆ ಹುಡುಗಿಗೆ ಅಮೆರಿಕಕ್ಕೆ ಬಾ ಎಂದು ಹೇಳುತ್ತಿಲ್ಲ. ಇಂಡಿಯನ್ ಅಕಾಡೆಮಿ ಆಫ್ ಎಕೋಕಾರ್ಡಿಯೋಗ್ರಫಿಯೂ ವಾರ್ಷಿಕ ಸಮ್ಮೇಳನ ನಡೆಸುತ್ತದೆ. ಆಸ್ಪತ್ರೆಯಿಂದ ರಜೆ ಕೇಳಿ ಅಲ್ಲಿಗೆ ಹೋಗಲಿ, ಹಿಂದಿನ ಸಾಲಿನಲ್ಲಿ ಕೂರದೆ ಪ್ರೋಬ್ ಇರುವ ಕೋಣೆಯನ್ನು ಹುಡುಕಲಿ, ತನ್ನ ಕೈಯನ್ನು ಯಾರಾದರೂ ಹಿಡಿದು ತಿದ್ದುವವರೆಗೆ ಅಲ್ಲಿಂದ ಏಳದಿರಲಿ.

ಫೋನ್ ಇಡುವ ಮುನ್ನ, ರೋಗಿಯನ್ನು ಬಲ ಮಗ್ಗುಲಿಗೆ ತಿರುಗಿಸಿ ನೋಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವಳು ಕೇಳಿದಳು. ಕೈ ಪಳಗಿದರೆ ಐದು ನಿಮಿಷ ಎಂದೆ. ಅವಳು ಸುಮ್ಮನಾದಳು. ಅವಳ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಷ್ಟು ಜನ ಕಾಯುತ್ತಿರುತ್ತಾರೆ ಎಂಬುದು ನನಗೆ ಗೊತ್ತು, ಆ ಬೆಂಚನ್ನು ನಾನೂ ದಾಟಿ ಬಂದವಳು. "ಮಾಡಿ ನೋಡುತ್ತೇನೆ ಅಕ್ಕಾ" ಎಂದಳು.